ಕುಲುಮೆಯಿಂದ ಚಾಕು, ಕೊಯ್ತಾ ಕೊಳ್ಳುವಾಗ ಏನೇನು ನೋಡಬೇಕು

ಕೈಯಿಂದ ಮಾಡಿದ ಚಾಕುವಿನ ಬೆಲೆಯೆಲ್ಲ ಇರುವುದು ಅದರ ಬಾಯಿಯಲ್ಲಿ. ಕತ್ತರಿಸುವ ಆ ಅಂಚು ಎಷ್ಟು ತೆಳುವಾಗಿದೆ, ಅದಕ್ಕೆ ಎಂಥ ಹದ (ಕಾಯಿಸಿ ಅದ್ದಿ ತಂದ ಗಟ್ಟಿತನ) ಬಿದ್ದಿದೆ ಎಂಬುದರಲ್ಲಿ. ಆದರೆ ಬನಶಂಕರಿ ಜಾತ್ರೆಯಲ್ಲಾಗಲಿ, ವಾರದ ಸಂತೆಯಲ್ಲಾಗಲಿ, ಮೊಬೈಲಿನಲ್ಲಿ ಬಂದ ಚಿತ್ರ ನೋಡಿಯಾಗಲಿ ಕೊಳ್ಳುವ ನಮ್ಮ ಕಣ್ಣು ಮೊದಲು ಹೋಗುವುದು ಹಿಡಿಕೆಯ ಮೇಲೆ, ಹೊಳಪಿನ ಮೇಲೆ. ಹದ ಕಣ್ಣಿಗೆ ಕಾಣದು. ಅದನ್ನು ಪರೀಕ್ಷಿಸಿ ತಿಳಿದುಕೊಳ್ಳಬೇಕು, ಇಲ್ಲವೇ ಮಾಡಿದವರನ್ನು ಕೇಳಿ ತಿಳಿದುಕೊಳ್ಳಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇವತ್ತು ಅಲಗು ಮಾಡುವವರು ಎರಡು ಬಗೆ. ಊರೊಳಗೆ ಕುಲುಮೆ ಇಟ್ಟುಕೊಂಡ ಕಮ್ಮಾರರು ಮತ್ತು ರಸ್ತೆ ಬದಿಯಲ್ಲಿ ಗುಡಾರ ಹಾಕಿ ಗಂಡ ಹೆಂಡತಿ ಇಬ್ಬರೂ ಸುತ್ತಿಗೆ ಹಿಡಿದು ದುಡಿಯುವ ಕುಟುಂಬಗಳು ಒಂದು ಕಡೆ. ಶೆಡ್ಡಿನಲ್ಲಿ ಬೆಲ್ಟ್ ಗ್ರೈಂಡರ್ ಇಟ್ಟುಕೊಂಡು ಹೊಸ ಉಕ್ಕಿನ ಪಟ್ಟಿ ತರಿಸಿ, ಒಂದೊಂದೇ ಚಾಕು ಮಾಡಿ ಫೋನಿನಲ್ಲಿ ಮಾರುವ ಹೊಸಬರು ಇನ್ನೊಂದು ಕಡೆ. ಇಬ್ಬರ ಸರಕನ್ನೂ ಒಂದೇ ರೀತಿಯಲ್ಲಿ ನೋಡಬಹುದು.

ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

"ಒಂದ್ ಚಲೋ ಚಾಕು ಕೊಡ್ರಿ" ಎಂದರೆ ಕಮ್ಮಾರರಿಗೆ ಏನೂ ತಿಳಿಯುವುದಿಲ್ಲ. ಏನನ್ನು ಕಡಿಯುತ್ತೀರಿ, ಎಲ್ಲಿಟ್ಟು ಕಡಿಯುತ್ತೀರಿ ಎಂಬುದನ್ನು ಹೇಳಬೇಕು.

ಕಬ್ಬು ಕಡಿಯುವ ಭಾರದ ಕತ್ತಿಯಾದ ಕೊಯ್ತಾವನ್ನೇ ನೋಡಿ. ಬುಡದ ಗಣಿಕೆಗಳಲ್ಲೇ ಸಕ್ಕರೆ ಹೆಚ್ಚು ಇರುವುದರಿಂದ ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಹಾಗೆ ಕಡಿಯುವಾಗ ಅಲಗು ಮಣ್ಣಿಗೆ, ಹರಳಿಗೆ ಬಡಿಯುತ್ತಲೇ ಇರುತ್ತದೆ. ಬಾಯಿ ಅತಿ ಗಟ್ಟಿಯಾಗಿದ್ದರೆ ಚೂರು ಹಾರಿ ಹಲ್ಲು ಬೀಳುತ್ತದೆ. ಮೆತ್ತಗಿದ್ದರೂ ನಡೆಯದು. ಕಬ್ಬು, ಜೋಳ ಎರಡರ ದಂಟಿನಲ್ಲೂ ಸಿಲಿಕಾ ಇದೆ, ಅಂದರೆ ಮರಳಿನದೇ ಅಂಶ. ಅದು ದಿನವಿಡೀ ಅಂಚನ್ನು ಸವೆಸುತ್ತದೆ. ಹೀಗಾಗಿ ಕೊಯ್ತಾಕ್ಕೆ ಬೇಕಾದದ್ದು ನಡುವಿನ ಹದ, ದಪ್ಪ ಬೆನ್ನು, ತೂಕ. ಅಡುಗೆಮನೆಯ ಚಾಕು ಇದಕ್ಕೆ ತದ್ವಿರುದ್ಧ. ಅದು ಮಣೆಯ ಮೇಲೆ ಬದನೆಕಾಯಿ, ಉಳ್ಳಾಗಡ್ಡಿ ಹೆಚ್ಚುವಂಥದ್ದು, ಕಲ್ಲಿನ ಮಾತೇ ಇಲ್ಲ. ಅಲ್ಲಿ ಗಟ್ಟಿ ಹದ, ತೆಳು ಅಂಚು ಬೇಕು.

ಗಟ್ಟಿತನವನ್ನು ರಾಕ್‌ವೆಲ್ ಸಿ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಅಡುಗೆ ಚಾಕುವಿಗೆ 56ರಿಂದ 61, ಕೊಯ್ತಾ, ಮಚ್ಚುಗಳಿಗೆ 50ರಿಂದ 55ರ ಆಸುಪಾಸು ಒಗ್ಗುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಚಾಕು ಎಂದು ಯಾರಾದರೂ ಮಾರಿದರೆ ನಾನಂತೂ ಕೊಳ್ಳುವುದಿಲ್ಲ. ಎಲುಬು ಕಡಿಯುವ ದಪ್ಪದಲ್ಲಿ ಟೊಮೆಟೊ ಹೆಚ್ಚಲು ಬರುವುದಿಲ್ಲ.

ಉಕ್ಕು ಯಾವುದೆಂದು ಕೇಳಿ

ಸಂಕೋಚ ಬೇಡ. ಕೆಲಸ ಬಲ್ಲವರಿಗೆ ಈ ಪ್ರಶ್ನೆ ಇಷ್ಟವೇ ಆಗುತ್ತದೆ.

"ಕಾಕಾ, ಇದಕ್ಕ ಯಾವ ಉಕ್ಕ ಹಾಕೀರಿ?"
"ಲಾರಿ ಪಾಟಾ ಐತ್ರಿ."
"ಹೊಸಾದೋ, ಗುಜರಿದೋ?"

ನಮ್ಮ ಕಡೆಯ ಕುಲುಮೆಗಳಲ್ಲಿ ಹೆಚ್ಚಾಗಿ ಸಿಗುವ ಉತ್ತರ ಇದೇ: ಲಾರಿ, ಟ್ರ್ಯಾಕ್ಟರ್ ಟ್ರಾಲಿಗಳ ಕಮಾನ್ ಪಾಟಾ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ. ಅದು ಕೀಳು ಉಕ್ಕಲ್ಲ. ಅದರಲ್ಲಿ ಸುಮಾರು ಶೇ 0.5ರಿಂದ 0.65ರಷ್ಟು ಇಂಗಾಲ ಇರುತ್ತದೆ. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕಾದ್ದರಿಂದ ಕೊಯ್ತಾ, ಕುಡುಗೋಲು, ಮಚ್ಚಿಗೆ ಹೇಳಿ ಮಾಡಿಸಿದ್ದು. ತೊಂದರೆ ಇರುವುದು ಹಳೆಯ ಪಾಟಾಗಳಲ್ಲಿ. ವರ್ಷಗಟ್ಟಲೆ ಬಾಗಿ ಬಾಗಿ ಅದರೊಳಗೆ ಕೂದಲೆಳೆಯ ಬಿರುಕುಗಳು ಹುಟ್ಟಿರಬಹುದು. ಮುರಿದ ಪಾಟಾದ ತುಂಡಿಗಿಂತ ಮುರಿಯದ ಪಾಟಾ ವಾಸಿ, ಅದಕ್ಕಿಂತ ಹೊಸ ಪಟ್ಟಿ ವಾಸಿ.

ಗುಜರಿಯಲ್ಲಿ ಸಿಗುವ ಇನ್ನೊಂದು ಒಳ್ಳೆಯ ಸರಕು ಬೇರಿಂಗ್. ಆ ಉಕ್ಕನ್ನು ಇಎನ್ 31 ಎನ್ನುತ್ತಾರೆ. ಶೇ 1ರಷ್ಟು ಇಂಗಾಲ, ಸುಮಾರು ಶೇ 1.5ರಷ್ಟು ಕ್ರೋಮಿಯಂ. ಸರಿಯಾಗಿ ಹದ ಬಿದ್ದರೆ ಅಡುಗೆ ಚಾಕುವಿಗೆ ಬಹಳ ಒಳ್ಳೆಯದು. ಹಳೆಯ ಅರದಲ್ಲೂ, ಅಂದರೆ ಕಾನಸಿನಲ್ಲೂ, ಇಂಗಾಲ ಧಾರಾಳವಾಗಿರುತ್ತದೆ. ಕಾನಸು ಬಡಿದು ಮಾಡಿದ ಸಣ್ಣ ಚಾಕುಗಳು ಹಳ್ಳಿಗಳಲ್ಲಿ ಈಗಲೂ ಇವೆ.

ಬೇಡವೆನ್ನಬೇಕಾದವು ಎರಡು. ಮನೆ ಕಟ್ಟುವ ಸರಳು, ಬಾಗಿಲ ಪಟ್ಟಿ, ಆ್ಯಂಗಲ್‌ಗಳಲ್ಲಿ ಇಂಗಾಲ ಶೇ 0.25ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಅಲಗಿನ ಗಟ್ಟಿತನಕ್ಕೆ ಬರುವುದಿಲ್ಲ. ಎರಡನೆಯದು ಪಾತ್ರೆ ಮಾಡುವ ಸ್ಟೀಲು. 304 ಎಂಬ ಆ ಸ್ಟೀಲು ತುಕ್ಕು ಹಿಡಿಯದು, ಫಳಫಳ ಹೊಳೆಯುತ್ತದೆ, ಆದರೆ ಕಾಯಿಸಿ ಗಟ್ಟಿ ಮಾಡಲು ಬರುವುದೇ ಇಲ್ಲ. ಇದನ್ನು ಹಿಡಿಯಲು ಜೇಬಿನಲ್ಲೊಂದು ಚಿಕ್ಕ ಅಯಸ್ಕಾಂತ ಸಾಕು. ಅಲಗಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟದಿದ್ದರೆ ಅದು ಚಾಕುವಿನ ಉಕ್ಕಲ್ಲ. ಚಾಕುವಿಗೆಂದೇ ಇರುವ ಸ್ಟೇನ್‌ಲೆಸ್ ಉಕ್ಕುಗಳು ಬೇರೆ, ಅವಕ್ಕೆ ಅಯಸ್ಕಾಂತ ಚೆನ್ನಾಗಿ ಅಂಟುತ್ತದೆ. ಆದರೆ ಅವನ್ನು ಸುಮಾರು 1,000ದಿಂದ 1,080 ಡಿಗ್ರಿ ಸೆಲ್ಸಿಯಸ್‌ವರೆಗೆ ಅಳತೆ ತಪ್ಪದಂತೆ ಕಾಯಿಸಿ ಹಿಡಿಯಬೇಕಾಗುತ್ತದೆ. ಇದ್ದಿಲ ಕುಲುಮೆಯಲ್ಲಿ ಇದು ನೆಚ್ಚುವ ಕೆಲಸವಲ್ಲ. ಸ್ಟೇನ್‌ಲೆಸ್ ಬೇಕಿದ್ದರೆ ವಿದ್ಯುತ್ ಕುಲುಮೆ ಇರುವವರ ಹತ್ತಿರ, ಇಲ್ಲವೇ ಹೊರಗೆ ಹೀಟ್ ಟ್ರೀಟ್‌ಮೆಂಟ್ (ಹದ ಹಾಕುವ ಕೆಲಸ) ಮಾಡಿಸುವವರ ಹತ್ತಿರ ಕೊಳ್ಳಿ.

ಸಾಣೆ ಚಕ್ರ ತಿರುಗುತ್ತಿದ್ದರೆ ಕಿಡಿಗಳನ್ನು ಗಮನಿಸಿ. ಮೆತ್ತನೆಯ ಕಬ್ಬಿಣದ ಕಿಡಿ ಉದ್ದುದ್ದ ಗೆರೆಯಾಗಿ ಹೋಗುತ್ತದೆ, ಕವಲು ಕಡಿಮೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಹತ್ತಿರದಲ್ಲೇ ಒಡೆದು ಜಾಲಿಯ ಕಂಟಿಯಂತೆ ಕವಲು ಕವಲಾಗುತ್ತದೆ. ಉಕ್ಕಿನ ಹೆಸರನ್ನು ಇದು ಹೇಳದು. ಗಟ್ಟಿಯಾಗಬಲ್ಲ ಉಕ್ಕೋ ಅಲ್ಲವೋ ಎಂಬುದನ್ನು ಮಾತ್ರ ಬಹುಮಟ್ಟಿಗೆ ಹೇಳುತ್ತದೆ.

ಹದ: ಇಲ್ಲಿ ಆತುರ ಬೇಡ

ಉಕ್ಕಿಗೆ ಕೊಟ್ಟಷ್ಟೇ ಲಕ್ಷ್ಯವನ್ನು ಹದಕ್ಕೂ ಕೊಡಬೇಕು, ನಿಜ ಹೇಳಬೇಕೆಂದರೆ ಹೆಚ್ಚೇ ಕೊಡಬೇಕು. ಒಳ್ಳೆಯ ಹದ ಬಿದ್ದ ಪಾಟಾ, ಹದ ಕೆಟ್ಟ ದುಬಾರಿ ಉಕ್ಕಿಗಿಂತ ಎಷ್ಟೋ ಮೇಲು.

ಹದ ಎಂದರೆ ಎರಡು ಕೆಲಸ. ಮೊದಲು ಅಲಗನ್ನು 800ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದುವುದು. ಆಗ ಉಕ್ಕು ಗಾಜಿನಷ್ಟೇ ಬಿರುಸಾಗುತ್ತದೆ, ಕೆಳಗೆ ಬಿದ್ದರೆ ಮುರಿಯಬಹುದು. ಎರಡನೆಯದು, ಅದನ್ನು ಮತ್ತೆ ತುಸುವೇ ಕಾಯಿಸಿ ಆ ಬಿರುಸನ್ನು ತಗ್ಗಿಸುವುದು. ಅಡುಗೆ ಚಾಕುವಿಗೆ 180ರಿಂದ 230 ಡಿಗ್ರಿ ಸಾಕು, ಹೊಡೆತ ತಿನ್ನುವ ಅಲಗುಗಳಿಗೆ ಅದಕ್ಕಿಂತ ಹೆಚ್ಚು. ಅವಸರದಲ್ಲಿ ಕೈಬಿಟ್ಟುಹೋಗುವುದು ಈ ಎರಡನೆಯ ಕೆಲಸವೇ.

ಹಳ್ಳಿಯ ಕಮ್ಮಾರರು ಎರಡನ್ನೂ ಒಂದೇ ಕಾವಿನಲ್ಲಿ ಮುಗಿಸುವ ಬಗೆಯನ್ನು ನೋಡಬೇಕು. ಕುಲುಮೆ ಸಾಮಾನ್ಯವಾಗಿ ನೆರಳಿನಲ್ಲಿ, ಮಬ್ಬು ಬೆಳಕಿನಲ್ಲಿ ಇರುತ್ತದೆ, ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಗೊತ್ತಾಗದು. ಕುಡುಗೋಲು ಕೆಂಪಗಾದಾಗ ಬಾಯಿಗಷ್ಟೇ ನೀರು ಕುಡಿಸುತ್ತಾರೆ, ಬೆನ್ನನ್ನು ಅದ್ದುವುದಿಲ್ಲ. ಹೊರಗೆ ತೆಗೆದು ಬಾಯಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆ ಹರಿಯುತ್ತದೆ, ಹರಿಯುತ್ತಾ ಹೊಳಪಿನ ಮೇಲೆ ಬಣ್ಣ ಮೂಡಿಸುತ್ತದೆ: ಮೊದಲು ಸುಮಾರು 220ರಿಂದ 230 ಡಿಗ್ರಿಯಲ್ಲಿ ತಿಳಿ ಹಳದಿ, ಆಮೇಲೆ 250 ದಾಟಿದಾಗ ಕಂದು, 270-280ರ ಹತ್ತಿರ ನೇರಳೆ, ಕೊನೆಗೆ 300ರ ಆಸುಪಾಸಿನಲ್ಲಿ ನೀಲಿ. ಬೇಕಾದ ಬಣ್ಣ ಬಾಯಿಗೆ ಬಂದು ಮುಟ್ಟಿದ ಗಳಿಗೆಗೆ ಮತ್ತೆ ಅದ್ದಿ ನಿಲ್ಲಿಸುತ್ತಾರೆ. ಉಷ್ಣಮಾಪಕವಿಲ್ಲದೆ ಕಣ್ಣಿನಲ್ಲೇ ಹತ್ತಿಪ್ಪತ್ತು ಡಿಗ್ರಿಯ ವ್ಯತ್ಯಾಸ ಹಿಡಿಯುವ ವಿದ್ಯೆ ಇದು. ಇಂಥ ಕೆಲಸವನ್ನು ನಿಮ್ಮ ಕಣ್ಣೆದುರೇ ಮಾಡಿಕೊಡುವವರು ಸಿಕ್ಕರೆ ಬೇರೆ ಪರೀಕ್ಷೆ ಬೇಡ.

ಹೊಸಬರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಅದ್ದಿದ ಮೇಲೆ ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಮತ್ತೆ ಕಾಯಿಸಿದಿರಿ? "ಓವನ್‌ನಲ್ಲಿ 200 ಡಿಗ್ರಿ, ಎರಡೆರಡು ತಾಸು, ಎರಡು ಸಲ" ಎಂಬಂಥ ಸ್ಪಷ್ಟ ಉತ್ತರ ಬಂದರೆ ನಂಬಬಹುದು. ತಡವರಿಸಿದರೆ ಚಾಕುವನ್ನು ಕೆಳಗಿಡಿ. ಬೆಳಗಾವಿಯ ಉದ್ಯಮಬಾಗದ ಕಡೆಯಿರುವ ಫೌಂಡ್ರಿ, ಯಂತ್ರಭಾಗಗಳ ಕಾರ್ಖಾನೆಗಳಿಂದಾಗಿ ಗಟ್ಟಿತನ ಅಳೆಯುವ ಯಂತ್ರ ಈ ಭಾಗಕ್ಕೆ ಅಪರೂಪದ್ದಲ್ಲ. ರಾಕ್‌ವೆಲ್ ಅಂಕಿ ಹೇಳಿ ಮಾರುವವರನ್ನು ಅದನ್ನು ಎಲ್ಲಿ ಅಳೆಸಿದಿರಿ ಎಂದು ಕೇಳಿ. ಅಳೆದ ಅಲಗಿನ ಮೇಲೆ ಸೂಜಿ ಮೊನೆಯಷ್ಟು ಚಿಕ್ಕ ಗುಳಿ ಉಳಿದಿರುತ್ತದೆ.

ಇನ್ನು ನೀವೇ ಮಾಡಬಹುದಾದ ಪರೀಕ್ಷೆಗಳು. ಮಾಡುವ ಮೊದಲು ಮಾರುವವರ ಒಪ್ಪಿಗೆ ಕೇಳಿ, ಅವರ ಸರಕದು.

ಕಾನಸಿನ ಪರೀಕ್ಷೆ: ಹರಿತವಾದ ಅರವನ್ನು ಹಿಡಿಕೆಯ ಹತ್ತಿರದ ಅಂಚಿನ ಮೇಲೆ ಹಗುರವಾಗಿ ಒಮ್ಮೆ ಎಳೆಯಿರಿ. ಮೆತ್ತಗಿನ ಅಲಗಾದರೆ ಅರ ಗಬಕ್ಕನೆ ಕಚ್ಚಿ ಪುಡಿ ಉದುರಿಸುತ್ತದೆ. ಹದ ಬಿದ್ದ ಅಡುಗೆ ಚಾಕುವಿನ ಮೇಲೆ ಬಹುಮಟ್ಟಿಗೆ ಜಾರುತ್ತದೆ, ಒತ್ತಿದರೆ ಮಾತ್ರ ತುಸು ಕಚ್ಚುತ್ತದೆ. ಕೊಯ್ತಾದ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಕಚ್ಚಿದರೂ ತಪ್ಪಲ್ಲ. ಸಾಣೆ ಹಿಡಿದ ಅಂಚಿನ ಮೇಲೆಯೇ ನೋಡಿ. ಕಪ್ಪು ಸಿಪ್ಪೆ ಉಳಿದ ಜಾಗದ ಮೇಲ್ಪದರ ಬೆಂಕಿಯಲ್ಲಿ ಇಂಗಾಲ ಕಳೆದುಕೊಂಡು ಮೆತ್ತಗಾಗಿರುತ್ತದೆ, ಅಲ್ಲಿ ನೋಡಿದರೆ ಮೋಸ ಹೋಗುತ್ತೀರಿ.

ಹಿತ್ತಾಳೆ ಕಡ್ಡಿಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯದು. ಬೆರಳು ದಪ್ಪದ ಹಿತ್ತಾಳೆ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಹರಿತ ಮಾಡುವ ಕೋನದಲ್ಲೇ ಅಂಚನ್ನು ಅದರ ಮೇಲೆ ಒತ್ತಿ. ಬೆಳಕಿಗೆ ಹಿಡಿದು ನೋಡಿದರೆ ಅಂಚು ತುಸು ಉಬ್ಬುವುದು ಕಾಣುತ್ತದೆ. ಒತ್ತಡ ತೆಗೆದಾಗ ನೆಟ್ಟಗಾದರೆ ಹದ ಸರಿ. ಬಾಗಿದ್ದು ಬಾಗಿದಂತೆಯೇ ಉಳಿದರೆ ಮೆತ್ತಗಿದೆ. ಚೂರು ಹಾರಿದರೆ ಬಿರುಸು ತಗ್ಗಿಸಿಲ್ಲ.

ಅಂಚಿನಲ್ಲಿ ನೀಲಿ ಕಲೆ ಕಂಡರೆ ಅದು ಚಂದದ ಬಣ್ಣವಲ್ಲ. ಹದ ಹಾಕಿದ ಮೇಲೆ ಗ್ರೈಂಡರಿನಲ್ಲಿ ಉಜ್ಜುವಾಗ ನೀರಿಗೆ ಅದ್ದದೆ ಕಾಯಿಸಿಬಿಟ್ಟ ಗುರುತು. ಆ ಜಾಗದಲ್ಲಿ ಹದ ಇಳಿದುಹೋಗಿರುತ್ತದೆ. ಮೊನೆಯ ತುದಿ ತೆಳುವಾದ್ದರಿಂದ ಬೇಗ ಕಾಯುತ್ತದೆ, ಅಲ್ಲೇ ಹೆಚ್ಚು ಹುಡುಕಿ.

ಬಿರುಕು ಹಿಡಿಯಲು ಕಿವಿ ಸಾಕು. ಹಿಡಿಕೆ ಹಾಕುವ ಮುಂಚೆ ಅಲಗನ್ನು ದಾರದಲ್ಲಿ ತೂಗುಬಿಟ್ಟು ಮೊಳೆಯಿಂದ ತಟ್ಟಿದರೆ ಬಿರುಕಿಲ್ಲದ ಅಲಗು ಟಿಣ್ ಎಂದು ಉದ್ದಕ್ಕೆ ದನಿ ಎಳೆಯುತ್ತದೆ, ಬಿರುಕು ಬಿಟ್ಟದ್ದು ಥಟ್ ಎಂದು ನಿಂತುಬಿಡುತ್ತದೆ. ಅನುಮಾನ ಉಳಿದರೆ ಅಲಗನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೆನ್ನಾಗಿ ಒರೆಸಿ ಸುಣ್ಣದ ಕಡ್ಡಿಯ ಪುಡಿ ಹಚ್ಚಿ. ಬಿರುಕಿನೊಳಗೆ ಉಳಿದ ಎಣ್ಣೆ ಸ್ವಲ್ಪ ಹೊತ್ತಿಗೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಮಾನ್ ಪಾಟಾವನ್ನು ಎಣ್ಣೆಯ ಬದಲು ತಣ್ಣೀರಿಗೆ ಪೂರ್ತಿ ಅದ್ದಿದಾಗ ಇಂಥ ಬಿರುಕು ಹೆಚ್ಚು.

ಅಲಗಿನ ಆಕಾರ

ಹದ ಸರಿಯಿದ್ದೂ ಚಾಕು ಕೊಯ್ಯುವುದಿಲ್ಲ ಎಂದರೆ ಅದು ಬಾಯಿಯ ಹಿಂದೆ ದಪ್ಪವಾಗಿದೆ ಎಂದರ್ಥ. ಕೈಯಿಂದ ಮಾಡಿದ ಚಾಕುಗಳಲ್ಲಿ ನಾನು ಹೆಚ್ಚು ಕಾಣುವ ಕುಂದು ಇದೇ. ತೆಳು ಮಾಡಲು ಹೊತ್ತು ಹಿಡಿಯುತ್ತದೆ, ಕೆಡುವ ಭಯವೂ ಇದೆ, ಹೀಗಾಗಿ ದಪ್ಪಕ್ಕೇ ಬಿಟ್ಟು ಅಂಚನ್ನಷ್ಟೇ ಸಾಣೆ ಹಿಡಿಯುತ್ತಾರೆ. ಅಡುಗೆ ಚಾಕುವಿನ ಬೆನ್ನು 2ರಿಂದ 3 ಮಿಲಿಮೀಟರ್ ಇರಲಿ. ಅಲ್ಲಿಂದ ಬಾಯಿಯವರೆಗೆ ಸಮನಾಗಿ ಇಳಿದು, ಅಂಚಿನ ಹಿಂದೆಯೇ ಅರ್ಧ ಮಿಲಿಮೀಟರಿಗಿಂತ ಕಡಿಮೆ ಉಳಿಯಬೇಕು. ಅಂಚಿನ ಕೋನ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಕೊಯ್ತಾಕ್ಕೆ ಬೆನ್ನು 5-6 ಮಿಲಿಮೀಟರ್, ಕೋನ 25ರ ಹತ್ತಿರ ಇದ್ದರೆ ಹೊಡೆತ ತಾಳುತ್ತದೆ.

ಅಳತೆ ಪಟ್ಟಿ ಇಲ್ಲದಿದ್ದರೆ ಒಂದು ಗಜ್ಜರಿ ಒಯ್ಯಿರಿ. ದಪ್ಪ ಗಜ್ಜರಿಯನ್ನು ನಡುವೆ ಕೊಯ್ದಾಗ ಅಲಗು ಅರ್ಧಕ್ಕೆ ಹೋಗುವಷ್ಟರಲ್ಲಿ ಅದು ಟಪ್ ಎಂದು ಸೀಳಿದರೆ ಅಲಗು ಕೊಯ್ಯುತ್ತಿಲ್ಲ, ಬೆಣೆಯಾಗಿ ಒಡೆಯುತ್ತಿದೆ. ತೆಳು ಅಲಗು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಕಾಗದ ಕತ್ತರಿಸಿ ತೋರಿಸುವ ಪ್ರದರ್ಶನಕ್ಕೆ ಮರುಳಾಗಬೇಡಿ, ಹೊಸದಾಗಿ ಸಾಣೆ ಹಿಡಿದ ಯಾವ ತಗಡೂ ಕಾಗದ ಕತ್ತರಿಸುತ್ತದೆ.

ಆಮೇಲೆ ಚಾಕುವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಿ, ಸೊಟ್ಟ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಬಾಯಿಯನ್ನು ಬಿಸಿಲಿಗೆ ತಿರುಗಿಸಿ ನೋಡಿ. ಹರಿತವಾದ ಅಂಚು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ, ಬಿಳಿ ಚುಕ್ಕೆ ಮಿನುಗಿದಲ್ಲೆಲ್ಲ ಮೊಂಡು ಅಥವಾ ಹಲ್ಲು ಇದೆ.

ಕಬ್ಬಿಣದ ಮೈಗೆ ಉಕ್ಕಿನ ಬಾಯಿ ಬೆಸೆದ ಹಳೆಯ ರೀತಿಯ ಕೊಡಲಿ ಎಲ್ಲಾದರೂ ಸಿಕ್ಕರೆ ಬೆಸುಗೆಯ ಗೆರೆಯನ್ನು ಉಗುರಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಇರಕೂಡದು. ಈಳಿಗಿ ಕೊಳ್ಳುವವರು ಇಷ್ಟು ನೋಡಿದರೆ ಸಾಕು: ಕಾಲಿಟ್ಟು ಕೂತಾಗ ಮಣೆ ಕುಣಿಯಬಾರದು, ಅಲಗು ನಿಂತ ಜಾಗ ಅಲ್ಲಾಡಬಾರದು, ಮತ್ತು ಆ ಅಯಸ್ಕಾಂತದ ಪರೀಕ್ಷೆ ಇಲ್ಲೂ ಮಾಡಿ. ಪಾತ್ರೆಯ ತಗಡಿನಿಂದ ಮಾಡಿದ ಈಳಿಗಿಗಳು ಪೇಟೆಯಲ್ಲಿ ಬಹಳ.

ಹಿಡಿಕೆ

ಹಿಡಿಕೆಯ ಮರ ಒಣಗಿತ್ತೇ ಎಂಬುದೇ ಮುಖ್ಯ. ಖಾನಾಪುರದ ಮಳೆಗಾಲದಲ್ಲಿ ಹಸಿ ಮರಕ್ಕೆ ಹಾಕಿದ ಅಲಗು ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಂದರೆ ಮರ ಕುಗ್ಗಿ ಗಿಲಕಿಯಾಡುತ್ತದೆ. ಕೊಯ್ತಾದ ಅಲಗು ಹಿಡಿಕೆಯಿಂದ ಕಳಚಿ ಹಾರುವುದು ಪಕ್ಕದಲ್ಲಿ ಕಡಿಯುತ್ತಿರುವವರ ಜೀವಕ್ಕೆ ಅಪಾಯ. ನಮ್ಮ ಸೀಮೆಯಲ್ಲಿ ಒಣಗಿದ ಜಾಲಿ ಇದಕ್ಕೆ ಬಹಳ ಒಳ್ಳೆಯದು. ಗಟ್ಟಿ, ಹೊಡೆತ ತಾಳುತ್ತದೆ, ಅಗ್ಗವೂ ಹೌದು.

ಹಿಡಿಕೆಯೊಳಗೆ ಅಲಗಿನ ಬಾಲ ಎಷ್ಟು ದೂರ ಹೋಗಿದೆ ಎಂದು ಕೇಳಿ. ಉದ್ದಕ್ಕೂ ಹೋಗಿ ಎರಡು ಬದಿಗೆ ಮರ ಕೂಡಿಸಿ ಮೊಳೆ ಬಡಿದದ್ದು ಕಣ್ಣಿಗೇ ಕಾಣುತ್ತದೆ. ಬಾಲವನ್ನು ಕಾಯಿಸಿ ಮರದೊಳಗೆ ಇಳಿಸಿದ್ದಾದರೆ ಕನಿಷ್ಠ ಹಿಡಿಕೆಯ ಮುಕ್ಕಾಲು ಪಾಲು ಹೋಗಿರಬೇಕು, ಹಿಡಿಕೆಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು. ಮರಕ್ಕೂ ಲೋಹಕ್ಕೂ ನಡುವೆ ಬೆಳಕು ಕಾಣುವ ಸಂದು ಇದ್ದರೆ ನೀರು ಇಳಿದು ಒಳಗೊಳಗೇ ತುಕ್ಕು ತಿನ್ನುತ್ತದೆ. ಉಳಿದಂತೆ ಹಿಡಿಕೆ ಕೆಟ್ಟರೆ ಬದಲಿಸಬಹುದು. ಅದಕ್ಕಾಗಿ ಒಳ್ಳೆಯ ಅಲಗನ್ನು ಬಿಟ್ಟು ಬರಬೇಡಿ.

ಅಲೆ ಅಲೆಯ ಚಿತ್ತಾರದ ಚಾಕುಗಳು

ಡಮಾಸ್ಕಸ್ ಎಂದು ಮಾರುವ ಚಾಕುಗಳನ್ನು ಎರಡು ಬಗೆಯ ಉಕ್ಕುಗಳನ್ನು ಪದರ ಪದರವಾಗಿ ಬೆಸೆದು, ಮಡಚಿ ಬಡಿದು, ಕೊನೆಗೆ ಆಮ್ಲದಂಥ ದ್ರಾವಣದಲ್ಲಿ ಅದ್ದಿ ಚಿತ್ತಾರ ಎಬ್ಬಿಸಿ ಮಾಡುತ್ತಾರೆ. ದಕ್ಷಿಣ ಭಾರತದಲ್ಲಿ ಶತಮಾನಗಳ ಹಿಂದೆ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ, ತನ್ನಷ್ಟಕ್ಕೇ ಅಲೆ ಮೂಡುತ್ತಿದ್ದ ಉಕ್ಕು ಬೇರೆಯೇ. ಅದೇ ಇದು ಎಂದು ಹೇಳಿ ಹೆಚ್ಚು ಹಣ ಕೇಳಿದರೆ ಕೊಡಬೇಡಿ.

ಪದರದ ಕೆಲಸ ನಿಜವಾದದ್ದಾದರೆ ಚಿತ್ತಾರ ಅಲಗಿನ ಮೈಮೇಲಷ್ಟೇ ನಿಲ್ಲುವುದಿಲ್ಲ, ಬೆನ್ನಿನ ಮೇಲೂ ಹಾದು ಇನ್ನೊಂದು ಬದಿಗೆ ಇಳಿಯುತ್ತದೆ. ಲೇಸರಿನಲ್ಲಿ ಬರೆದ ನಕಲಿ ಚಿತ್ತಾರ ಬೆನ್ನಿನ ಹತ್ತಿರ ಬಂದು ತುಂಡಾಗುತ್ತದೆ, ಎರಡು ಬದಿಯಲ್ಲೂ ಒಂದೇ ನಮೂನೆ ಇರುತ್ತದೆ. ನಿಜವಾದದ್ದಾದರೂ ಪದರಗಳಿಂದ ಚಾಕು ಹೆಚ್ಚು ಹರಿತವಾಗುವುದಿಲ್ಲ. ನೀವು ಹಣ ಕೊಡುತ್ತಿರುವುದು ಅಂದಕ್ಕೆ, ಶ್ರಮಕ್ಕೆ. ಅದು ತಪ್ಪಲ್ಲ, ತಿಳಿದು ಕೊಟ್ಟರೆ ಆಯಿತು. ಬಾಯಿಯ ಉಕ್ಕು ಯಾವುದು, ಹದ ಹೇಗೆ ಎಂಬ ಪ್ರಶ್ನೆಗಳನ್ನು ಇಲ್ಲೂ ಬಿಡಬೇಡಿ.

ಬೆಲೆಯನ್ನು ಅಳೆಯುವುದು

ಕಮ್ಮಾರರ ಕೆಲಸಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಹಳೆಯದಲ್ಲ. ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ಕೆಲಸದ ಪಾಲಿನ ಕಾಳು, ಕೊಟ್ಟರೆ ವರ್ಷವಿಡೀ ನೇಗಿಲ ಕುಳ ಹಣಿದು ಕೊಡುವುದು, ಕುಡುಗೋಲಿಗೆ ಹದ ಹಾಕುವುದು ಅದರಲ್ಲೇ ಬರುತ್ತಿತ್ತು. ಒಂದು ಅಲಗಿಗೆ ಇಷ್ಟು ಎಂಬ ಲೆಕ್ಕವೇ ಇರಲಿಲ್ಲ. ಈಗ ಸಂತೆಯಲ್ಲಿ ಕಾರ್ಖಾನೆಯ ಚಾಕುವಿನ ಬೆಲೆ ಹಿಡಿದು ಕಮ್ಮಾರರ ಹತ್ತಿರ ಚೌಕಾಸಿ ಮಾಡುತ್ತೇವೆ. ಸರಿಯಾದ ಅಳತೆ ಅದಲ್ಲ.

ಹೀಗೆ ಲೆಕ್ಕ ಹಾಕಿ. ಪಟ್ಟಿಯಿಂದ ಕತ್ತರಿಸಿ, ಹದ ಹಾಕಿ, ತೆಳು ಮಾಡಿ, ಹಿಡಿಕೆ ಕೂಡಿಸಿ, ಹರಿತ ಮಾಡಲು ಒಬ್ಬರಿಗೆ ಒಂದೂವರೆ ದಿನ ಹಿಡಿಯಿತು ಎಂದಿಟ್ಟುಕೊಳ್ಳಿ. ಕುಶಲ ಕೈಗೆ ದಿನಕ್ಕೆ 1,000 ರೂಪಾಯಿ ಎಂದರೂ 1,500 ಆಯಿತು. ಉಕ್ಕು, ಬೆಲ್ಟು, ಮರ, ಅಂಟು, ಕರೆಂಟಿಗೆ 500 ಹಿಡಿಯಿರಿ. ಹದ ಹಾಕುವಾಗ ಸೊಟ್ಟಗಾಗಿ, ಬಿರುಕು ಬಿಟ್ಟು ಹಾಳಾಗುವ ತುಂಡುಗಳ ನಷ್ಟವನ್ನು ಉಳಿದವು ಹೊರಬೇಕು. ಇಂಥ ಚಾಕುವಿಗೆ 2,500 ಕೇಳಿದರೆ ಅದು ದುರಾಸೆಯಲ್ಲ. ಇದೇ ಬಗೆಯ ಚಾಕುವನ್ನು 400ಕ್ಕೆ ಕೊಡುತ್ತಿದ್ದರೆ ಯಾವ ಕೆಲಸ ಬಿಟ್ಟಿದ್ದಾರೆ ಎಂದು ನೋಡಬೇಕು.

ಆದರೆ ಕುಡುಗೋಲಿಗೆ ಈ ಲೆಕ್ಕ ಹಚ್ಚಬೇಡಿ. ಹುಟ್ಟಿದಾಗಿನಿಂದ ಒಂದೇ ಆಕಾರ ಬಡಿದ ಕೈ ದಿನಕ್ಕೆ ಎಷ್ಟೋ ಕುಡುಗೋಲು ಮುಗಿಸುತ್ತದೆ, ಉಜ್ಜಿ ಹೊಳಪು ಮಾಡುವ ಗೋಜಿಲ್ಲ. ಬೆಲೆ ಕಡಿಮೆ ಇರುವುದು ಕೆಲಸ ಕೀಳಾದ್ದರಿಂದಲ್ಲ. ನನ್ನ ಮಟ್ಟಿಗೆ ಈ ಮೂರು ಜಿಲ್ಲೆಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಿಗುವ ಅಲಗು ಹಳ್ಳಿಯ ಒಳ್ಳೆಯ ಕಮ್ಮಾರರ ಕುಡುಗೋಲೇ.

ಹಣ ಇಳಿಸಲು ಕೇಳುವುದಕ್ಕಿಂತ "ಅಣ್ಣಾರ, ಇನ್ನೊಂದೀಟು ತೆಳ್ಳಗ ಮಾಡಿ ಕೊಡ್ರಿ, ಹಿಡಿಕಿ ಬಿಗಿ ಮಾಡ್ರಿ" ಎಂದು ಕೇಳಿ. ಅಂಚು ಕೆಟ್ಟರೆ ಮತ್ತೆ ಹದ ಹಾಕಿಕೊಡುತ್ತೀರಾ ಎಂದೂ ಕೇಳಿ. ಕೊಂಡ ಮೇಲೂ ಹೋಗಿ ಕೂರಬಹುದಾದ ಕುಲುಮೆಯ ಚಾಕುವಿಗೆ ನೂರಿನ್ನೂರು ಹೆಚ್ಚು ಕೊಡುವುದು ನಷ್ಟವಲ್ಲ. ದಸರೆಯ ಖಂಡೇ ಪೂಜೆಯ (ಆಯುಧ ಪೂಜೆ) ಮುಂಚಿನ ವಾರ, ಕಬ್ಬು ನುರಿಸುವ ಹಂಗಾಮು ಶುರುವಾಗುವ ಅಕ್ಟೋಬರ್-ನವೆಂಬರ್ ದಿನಗಳಲ್ಲಿ ಕುಲುಮೆಗಳಿಗೆ ಬಿಡುವಿರುವುದಿಲ್ಲ. ವಿಶೇಷವಾಗಿ ಮಾಡಿಸುವುದಿದ್ದರೆ ಬೇಸಿಗೆಯಲ್ಲೇ ಹೇಳಿಡಿ.

ದೂರದಿಂದ ತರಿಸುವಾಗ

ಬೆನ್ನಿನ ಮೇಲಿನಿಂದ, ಬಾಯಿಯ ನೇರದಿಂದ, ಹಿಡಿಕೆ ಕೂಡುವ ಜಾಗದ ಹತ್ತಿರದಿಂದ ತೆಗೆದ ಚಿತ್ರಗಳನ್ನು ಕೇಳಿ. ಪಕ್ಕದಿಂದ ತೆಗೆದ ಅಂದದ ಚಿತ್ರ ಏನೂ ಹೇಳದು. ಗಜ್ಜರಿ ಕೊಯ್ಯುವ ವಿಡಿಯೋ ಕೇಳಿದರೆ ಇನ್ನೂ ಒಳ್ಳೆಯದು. ಮುಂಗಡ ಕೊಡಿ, ಉಳಿದ ಹಣವನ್ನು ಚಾಕು ತಯಾರಾದ ಮೇಲೆ ಕೊಡಿ.

ಕಾನೂನಿನ ಮಾತು ಒಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಆಯುಧದ ಸಾಲಿಗೆ ಸೇರುತ್ತವೆ. ಮನೆಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವು ಅದರಿಂದ ಹೊರಗೆ. ಕೊಯ್ತಾ, ಅಡುಗೆ ಚಾಕು ಈ ವಿನಾಯಿತಿಯಲ್ಲಿ ಬರುತ್ತವೆ. ಆದರೆ ಗೋಡೆಗೆ ತೂಗುಹಾಕಲು ಉದ್ದ ಕತ್ತಿ, ಬಾಕು ಮಾಡಿಸುವ ಮೊದಲು ಯೋಚಿಸಿ. ಕೊಂಡದ್ದನ್ನು ಒಯ್ಯುವಾಗ ಬಾಯಿಗೆ ರಟ್ಟು ಸುತ್ತಿ ಚೀಲದ ತಳದಲ್ಲಿಡಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ.

ಮನೆಗೆ ತಂದ ಮೇಲೆ

ಸ್ಟೇನ್‌ಲೆಸ್ ಅಲ್ಲದ ಅಲಗು ಮೊದಲ ವಾರದಲ್ಲೇ ಬಣ್ಣ ತಿರುಗುತ್ತದೆ. ಲಿಂಬೆ, ಹುಣಸೆ, ಉಳ್ಳಾಗಡ್ಡಿ ತಾಕಿದಲ್ಲಿ ಬೂದಿ, ನೀಲಿ ಕಲೆ ಬೀಳುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ, ಮುಂದೆ ತುಕ್ಕನ್ನು ತಡೆಯುವುದು ಅದೇ ಪದರ. ಕೆಂಪು ಪುಡಿ ಕಂಡರೆ ಮಾತ್ರ ಉಜ್ಜಿ. ಹೆಚ್ಚಿದ ಕೂಡಲೇ ತೊಳೆದು ಒಣ ಬಟ್ಟೆಯಲ್ಲಿ ಒರೆಸಿಡಿ. ಮಳೆಗಾಲದಲ್ಲಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಮನೆಯಲ್ಲಿದೆ ಎಂದು ಕುಸುಬಿ ಎಣ್ಣೆಯನ್ನೋ ಅಗಸಿ ಎಣ್ಣೆಯನ್ನೋ ಅಲಗಿಗೆ ಹಚ್ಚಬೇಡಿ, ಅವು ಗಾಳಿಗೆ ಒಣಗಿ ಅಂಟಂಟಾಗುತ್ತವೆ. ಅದೇ ಗುಣ ಹಿಡಿಕೆಯ ಮರಕ್ಕೆ ಒಳ್ಳೆಯದು: ವರ್ಷಕ್ಕೆರಡು ಸಲ ಅಗಸಿ ಎಣ್ಣೆ ಕುಡಿಸಿದರೆ ಮರ ಬಿರಿಯುವುದು ಕಡಿಮೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸಿ ಎಣ್ಣೆಯ ಬಟ್ಟೆ ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಹರಿತ ಕಡಿಮೆಯಾದರೆ ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಒಣದಾಗಿ ಕೊಡಬೇಡಿ. ಹದ ಇಳಿಯುವುದು ಅಲ್ಲೇ. ನೀರು ಹಾಕಿ ಮಸೆಯುವ 1000 ಗ್ರಿಟ್‌ನ ಕಲ್ಲು ಒಂದಿದ್ದರೆ ಅಡುಗೆ ಚಾಕುವಿಗೆ ಸಾಕು. ಕೊಯ್ತಾ, ಕುಡುಗೋಲಿಗೆ ಅಷ್ಟು ನಯ ಬೇಡ, ಒರಟು ಮಸೆಗಲ್ಲೇ ಸರಿ. ಮಸೆದು ಮಸೆದು ಬಾಯಿ ದಪ್ಪವಾಗುತ್ತಾ ಬಂದು ಹರಿತ ನಿಲ್ಲದಾದಾಗ ಅಲಗನ್ನು ಮಾಡಿದವರ ಹತ್ತಿರವೇ ಒಯ್ದು ತೆಳು ಮಾಡಿಸಿ. ಮತ್ತೆ ಕಾಯಿಸಿ ಬಡಿದರೆ ಹದವನ್ನೂ ಹೊಸದಾಗಿ ಹಾಕಿಸಬೇಕು, ಇದನ್ನು ಬಾಯಿಬಿಟ್ಟು ಹೇಳಿ ಬನ್ನಿ.